ತಂಪಿನ ಹಿಂದಿನ ಬೆವರು

ಈಚಿನ ಮದುವೆ ಮನೆಗಳಲ್ಲಿ ಒಂದು ನೋಟ ಸಾಮಾನ್ಯ. ಹೋಳಿಗೆ, ಚಿರೋಟಿ, ಪಾಯಸ ಎಲ್ಲ ಆಗಿ, ಮೊಸರನ್ನ ಬಡಿಸಲು ಬಂದವರಿಗೆ ‘ಸಾಕಪ್ಪಾ ಸಾಕು’ ಎಂದು ಎಲೆಗೆ ಎರಡೂ ಕೈ ಅಡ್ಡ ಹಿಡಿದವರೇ ಐದು ನಿಮಿಷದ ನಂತರ ಬೀಡಾ ತಟ್ಟೆಯ ಪಕ್ಕದ ಐಸ್‌ಕ್ರೀಂ ಮೇಜಿನ ಮುಂದೆ ಸಾಲುಗಟ್ಟಿರುತ್ತಾರೆ. ಹುಡುಗರು ಎರಡನೆಯ ಸುತ್ತಿಗೆ ಹೊಂಚು ಹಾಕುತ್ತಾರೆ. ಸಕ್ಕರೆ ಕಾಯಿಲೆಯ ಹಿರಿಯರು ಅತ್ತಿತ್ತ ನೋಡಿ, ಮಗ ಸೊಸೆ ಹತ್ತಿರದಲ್ಲಿಲ್ಲವೆಂದು ಖಾತ್ರಿ ಮಾಡಿಕೊಂಡು ಒಂದು ಕಪ್ಪಿಗೆ ಕೈ ಚಾಚುತ್ತಾರೆ. ಹೊಟ್ಟೆಯಲ್ಲಿ ಜಾಗವಿಲ್ಲ ಎಂದವರಿಗೆ ಇದಕ್ಕೆ ಮಾತ್ರ ಜಾಗ ಎಲ್ಲಿಂದ ಬಂತು?

ನನ್ನ ತಲೆಮಾರಿನ ಬಹುಮಂದಿಗೆ ಐಸ್‌ಕ್ರೀಮಿಗಿಂತ ಮೊದಲು ಪರಿಚಯವಾದದ್ದು ಐಸ್‌ಕ್ಯಾಂಡಿ. ಶಾಲೆಯ ಎದುರಿಗೆ ಸೈಕಲ್ಲಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಬಂದವನು ಅದರ ಮುಚ್ಚಳವನ್ನು ಟಪಟಪನೆ ಬಡಿದರೆ ಸಾಕು, ಮೇಷ್ಟರ ಪಾಠ ಕಿವಿಗೆ ಬೀಳುತ್ತಿರಲಿಲ್ಲ. ಅದನ್ನು ಚರಂಡಿ ನೀರಿನಲ್ಲಿ ಮಾಡುತ್ತಾರೆ ಎಂದು ಮನೆಯವರು ಹೆದರಿಸುತ್ತಿದ್ದರು. ಕದ್ದು ತಿಂದರೂ ನಾಲಗೆಗೆ ಹತ್ತಿದ ಕೆಂಪು ಬಣ್ಣ ಸಂಜೆಯವರೆಗೆ ಹೋಗದೆ ಚಾಡಿ ಹೇಳುತ್ತಿತ್ತು. ನಿಜವಾದ ಐಸ್‌ಕ್ರೀಂ ಸಿಗುತ್ತಿದ್ದದ್ದು ಪೇಟೆಗೆ ಹೋದಾಗ. ಅದೂ ಜತೆಗೆ ಬಂದ ಮಾವನ ಜೇಬಿನಲ್ಲಿ ದುಡ್ಡಿದ್ದರೆ. ಈಗ ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಗಾಜಿನ ಮುಚ್ಚಳದ ಫ್ರೀಜರ್ ಗುಂಯ್ಗುಡುತ್ತದೆ. ಹಾಗಾಗಿ ಈ ತಿನಿಸು ಎಷ್ಟು ಕಷ್ಟಪಟ್ಟು ನಮ್ಮ ಕೈಗೆ ಬಂತು ಎಂಬುದು ಯಾರಿಗೂ ನೆನಪಿಗೆ ಬರುವುದಿಲ್ಲ.

ಹಾಲು, ಸಿಹಿ, ಹಣ್ಣು ಬಹಳಷ್ಟು ದೇಶಗಳಲ್ಲಿ ಬಹಳ ಹಿಂದಿನಿಂದಲೂ ಇದ್ದವು. ಇಲ್ಲದೆ ಇದ್ದದ್ದು ತಂಪು. ಬೆಂಕಿಯನ್ನು ಮನುಷ್ಯ ಲಕ್ಷಾಂತರ ವರ್ಷಗಳ ಹಿಂದೆಯೇ ಪಳಗಿಸಿದ. ಬೇಕೆಂದಾಗ ಚಳಿಯನ್ನು ಹುಟ್ಟಿಸುವುದು ಮಾತ್ರ ಅವನಿಗೆ ತೀರಾ ಇತ್ತೀಚೆಗೆ, ಹತ್ತೊಂಬತ್ತನೆಯ ಶತಮಾನದಲ್ಲಿ, ಕೈಗೂಡಿದ ವಿದ್ಯೆ. ಅದಕ್ಕೂ ಮೊದಲು ಮಂಜುಗಡ್ಡೆಯನ್ನು ಬೆಟ್ಟದಿಂದ ಹೊತ್ತು ತರಬೇಕಿತ್ತು, ಇಲ್ಲವೇ ಚಳಿಗಾಲದಲ್ಲಿ ಹೂತಿಟ್ಟು ಬೇಸಿಗೆಗೆ ತೆಗೆಯಬೇಕಿತ್ತು. ಹಾಗಾಗಿ ಐಸ್‌ಕ್ರೀಮಿನ ಚರಿತ್ರೆ ಬಹುಮಟ್ಟಿಗೆ ಮಂಜುಗಡ್ಡೆಯ ಚರಿತ್ರೆ.

ಅಕ್ಬರನ ಆಸ್ಥಾನದ ಅಬುಲ್ ಫಜಲ್ ಬರೆದ ‘ಐನ್-ಇ-ಅಕ್ಬರಿ’ಯಲ್ಲಿ ಅರಸನ ಕುಡಿಯುವ ನೀರನ್ನು ತಣ್ಣಗಾಗಿಸುವ ವಿಧಾನ ಅಳತೆಯ ಸಮೇತ ಇದೆ. ಒಂದು ಸೇರು ನೀರನ್ನು ತವರದ ಅಥವಾ ಬೆಳ್ಳಿಯ ಹೂಜಿಗೆ ತುಂಬಿ ಬಾಯಿ ಮುಚ್ಚಬೇಕು. ಇನ್ನೊಂದು ಪಾತ್ರೆಯಲ್ಲಿ ಐದು ಸೇರು ನೀರಿಗೆ ಎರಡೂವರೆ ಸೇರು ಪೆಟ್ಲುಪ್ಪು ಹಾಕಿ, ಆ ದ್ರಾವಣದಲ್ಲಿ ಹೂಜಿಯನ್ನು ಕಾಲು ಗಂಟೆ ತಿರುಗಿಸುತ್ತಿರಬೇಕು. ಒಳಗಿನ ನೀರು ತಂಪಾಗುತ್ತದೆ. ಪೆಟ್ಲುಪ್ಪು ಎಂದರೆ ಮದ್ದಿನಪುಡಿಗೆ ಬಳಸುವ ಲವಣವೇ. ಕೋವಿಯಲ್ಲಿ ಬೆಂಕಿ ಕಾರುವ ವಸ್ತು ನೀರಿನಲ್ಲಿ ಕರಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಯುದ್ಧದ ಸಾಮಗ್ರಿಯಿಂದ ತಣ್ಣೀರು ಮಾಡಿದ ಚಾತುರ್ಯ ಇದು. ಅಕ್ಬರ್ ಲಾಹೋರಿನಲ್ಲಿ ನೆಲೆಸಿದ ಮೇಲೆ ಉತ್ತರದ ಬೆಟ್ಟಗಳಿಂದಲೇ ಹಿಮ ಬರತೊಡಗಿತು. ದೋಣಿಗಳಲ್ಲಿ, ಗಾಡಿಗಳಲ್ಲಿ, ತಲೆಹೊರೆಯಲ್ಲಿ. ದಾರಿಯಲ್ಲಿ ಎಷ್ಟು ಕರಗಿತೋ ಅಷ್ಟೂ ಬೆಲೆಗೆ ಸೇರುತ್ತಿತ್ತು. ಪಾರ್ಸಿ ಮೂಲದ ಹೆಸರಿನ ಕುಲ್ಫಿ ಹುಟ್ಟಿದ್ದು ಮೊಗಲರ ಕಾಲದ ಇಂಥ ಅಡುಗೆಮನೆಗಳ ಆಸುಪಾಸಿನಲ್ಲೇ.

ಇದಕ್ಕಿಂತ ನನಗೆ ಹೆಚ್ಚು ಆಶ್ಚರ್ಯ ತಂದದ್ದು ಅಲಹಾಬಾದಿನ ಸುತ್ತಮುತ್ತ, ಅಂದರೆ ಈಗಿನ ಪ್ರಯಾಗರಾಜದ ಬಯಲಿನಲ್ಲಿ, ಸಾಮಾನ್ಯ ಕೂಲಿಗಳು ಮಾಡುತ್ತಿದ್ದ ಕೆಲಸ. ಅಲ್ಲಿನ ಚಳಿಗಾಲ ಕೆರೆಯ ನೀರು ಹೆಪ್ಪುಗಟ್ಟುವಷ್ಟು ಕಟುವಲ್ಲ. ಆದರೂ ಅಲ್ಲಿ ಮಂಜುಗಡ್ಡೆ ತಯಾರಾಗುತ್ತಿತ್ತು. ರಾಬರ್ಟ್ ಬಾರ್ಕರ್ ಎಂಬ ಆಂಗ್ಲ ಸೇನಾಧಿಕಾರಿ ಇದನ್ನು ಕಣ್ಣಾರೆ ಕಂಡು 1775ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ವರದಿ ಕಳಿಸಿದ. ಬಯಲಿನಲ್ಲಿ ಸುಮಾರು 30 ಅಡಿ ಚದರ, ಎರಡಡಿ ಆಳದ ಗುಂಡಿಗಳು. ತಳಕ್ಕೆ ಒಂದಡಿಯಷ್ಟು ಕಬ್ಬಿನ ಸೋಗೆ ಅಥವಾ ಜೋಳದ ದಂಟಿನ ಹಾಸು. ಅದರ ಮೇಲೆ ಸಾಲುಸಾಲಾಗಿ ಅಂಗೈ ಆಳದ ಸಣ್ಣ ಮಣ್ಣಿನ ತಟ್ಟೆಗಳು. ಮುಸ್ಸಂಜೆ ಹೊತ್ತಿಗೆ ಅವಕ್ಕೆ ಕಾಯಿಸಿ ಆರಿಸಿದ ನೀರು ತುಂಬಿಸುತ್ತಿದ್ದರು. ಸೂರ್ಯ ಮೂಡುವ ಮೊದಲೇ ಬಂದು ನೋಡಿದರೆ ತಟ್ಟೆಗಳಲ್ಲಿ ಐಸು!

ನೀರು ಹೆಪ್ಪುಗಟ್ಟುವಷ್ಟು ಗಾಳಿ ತಣ್ಣಗಿಲ್ಲದಿದ್ದರೂ ಇದು ಹೇಗೆ? ಮೋಡವಿಲ್ಲದ ರಾತ್ರಿಯಲ್ಲಿ ನೆಲದ ಮೇಲಿನ ಪ್ರತಿ ವಸ್ತುವೂ ತನ್ನ ಶಾಖವನ್ನು ಆಕಾಶಕ್ಕೆ ಸೂಸುತ್ತಿರುತ್ತದೆ. ಬೆಳಗಿನ ಜಾವ ಹುಲ್ಲಿನ ಮೇಲೆ ಇಬ್ಬನಿ ಕೂರುವುದು ಈ ಕಾರಣಕ್ಕೇ. ಕೆಳಗಿನ ದಂಟಿನ ಹಾಸು ನೆಲದ ಬಿಸಿಯನ್ನು ಮೇಲೆ ಬರಗೊಡದು. ಮಣ್ಣಿನ ತಟ್ಟೆಯಿಂದ ನೀರು ಆವಿಯಾಗುತ್ತ, ನಮ್ಮ ಮಣ್ಣಿನ ಹೂಜಿಯ ಹಾಗೆ, ಮತ್ತಷ್ಟು ತಂಪು ಕೊಡುತ್ತದೆ. ಶಾಖದ ವಿಕಿರಣದ ಶಾಸ್ತ್ರ ಯೂರೋಪಿನಲ್ಲಿ ಇನ್ನೂ ಸರಿಯಾಗಿ ರೂಪುಗೊಂಡಿರದಿದ್ದ ಕಾಲದಲ್ಲಿ, ಅಕ್ಷರ ಬಾರದ ಜನ ಅದನ್ನು ಕೈಯಲ್ಲಿ ಮಾಡಿ ತೋರಿಸಿದ್ದರು. ಅವರು ಯಾರು, ಕೊರೆಯುವ ಮುಂಜಾವಿನಲ್ಲಿ ಸಾವಿರಾರು ತಟ್ಟೆಗಳಿಂದ ಐಸು ಕೆರೆದು ಬುಟ್ಟಿಗೆ ತುಂಬುವಾಗ ಅವರ ಬೆರಳುಗಳು ಏನಾಗುತ್ತಿದ್ದವು ಎಂದು ಯಾರೂ ಬರೆದಿಡಲಿಲ್ಲ. ಹುಲ್ಲು, ಕಂಬಳಿ ಹೊದಿಸಿದ ಗುಂಡಿಯಲ್ಲಿ ಅದನ್ನು ಬೇಸಿಗೆಯವರೆಗೆ ಕಾಪಿಡುತ್ತಿದ್ದರು. ಅದರಿಂದ ಷರಬತ್ತು ಮತ್ತು ಕೆನೆ ತಣ್ಣಗಾದದ್ದು ದೊರೆಗಳಿಗೆ.

ಈ ದೇಶಿ ಉದ್ಯಮಕ್ಕೆ ಪೆಟ್ಟು ಬಿದ್ದದ್ದು ಊಹೆಗೂ ನಿಲುಕದ ದಿಕ್ಕಿನಿಂದ. ಅಮೆರಿಕದ ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬಾತನಿಗೆ ತನ್ನೂರಿನ ಕೆರೆಗಳಲ್ಲಿ ಪುಕ್ಕಟೆಯಾಗಿ ಹೆಪ್ಪುಗಟ್ಟುವ ನೀರನ್ನು ಸೆಕೆಯ ನಾಡುಗಳಿಗೆ ಮಾರುವ ಹುಚ್ಚು ಹಿಡಿಯಿತು. 1806ರಲ್ಲಿ ವೆಸ್ಟ್ ಇಂಡೀಸಿನ ಮಾರ್ಟಿನೀಕ್ ದ್ವೀಪಕ್ಕೆ ಮೊದಲ ಹಡಗು ಕಳಿಸಿ ಕೈ ಸುಟ್ಟುಕೊಂಡ (ಐಸು ಮಾರಿ ಕೈ ಸುಟ್ಟುಕೊಂಡವನು ಇವನೊಬ್ಬನೇ ಇರಬೇಕು). ಊರವರು ನಕ್ಕರು, ಸಾಲಕ್ಕಾಗಿ ಜೈಲಿಗೂ ಹೋಗಿ ಬಂದ. ಆದರೂ ಬಿಡಲಿಲ್ಲ. ಮರ ಕೊಯ್ಯುವ ಗಿರಣಿಗಳಲ್ಲಿ ಕಸವಾಗಿ ಬಿದ್ದಿರುತ್ತಿದ್ದ ಹೊಟ್ಟನ್ನು ಗಡ್ಡೆಗಳ ಸುತ್ತ ಒತ್ತಾಗಿ ತುಂಬಿದರೆ ಕರಗುವುದು ಬಹಳ ನಿಧಾನವಾಗುತ್ತದೆಂದು ಕಂಡುಕೊಂಡ. 1833ರ ಮೇ ತಿಂಗಳಲ್ಲಿ ಟಸ್ಕನಿ ಎಂಬ ಹಡಗು 180 ಟನ್ ಮಂಜುಗಡ್ಡೆ ಹೊತ್ತು ಬಾಸ್ಟನ್ನಿನಿಂದ ಹೊರಟಿತು. ಆಫ್ರಿಕದ ತುದಿಯನ್ನು ಬಳಸಿ, ಸಮಭಾಜಕ ವೃತ್ತವನ್ನು ಎರಡು ಸಲ ದಾಟಿ, ನಾಲ್ಕು ತಿಂಗಳ ಮೇಲೆ ಕಲ್ಕತ್ತ ಮುಟ್ಟಿದಾಗ ಅದರಲ್ಲಿ ಇನ್ನೂ ಸುಮಾರು 100 ಟನ್ ಉಳಿದಿತ್ತು! ಹೂಗ್ಲಿ ತೀರದಲ್ಲಿ ತಟ್ಟೆಯಿಂದ ತೆಗೆದ ಕೆಸರುಮಿಶ್ರಿತ ಐಸನ್ನೇ ಕಂಡಿದ್ದ ಜನರಿಗೆ ಗಾಜಿನಂತೆ ಹೊಳೆಯುವ ಈ ಬಂಡೆಗಳು ಇಂದ್ರಲೋಕದ ವಸ್ತುವಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ಈ ಗಡ್ಡೆಗಳನ್ನು ಇಡಲೆಂದೇ ದಪ್ಪ ಗೋಡೆಗಳ ಐಸ್‌ಹೌಸುಗಳು ಎದ್ದವು. ಮದರಾಸಿನ ಮರೀನಾ ದಂಡೆಯ ಆ ಕಟ್ಟಡ ಇಂದಿಗೂ ನಿಂತಿದೆ. 1897ರಲ್ಲಿ ಅಮೆರಿಕದಿಂದ ಹಿಂದಿರುಗಿದ ಸ್ವಾಮಿ ವಿವೇಕಾನಂದರು ಉಳಿದುಕೊಂಡದ್ದು ಅಲ್ಲೇ. ಅದೀಗ ಅವರ ಹೆಸರಿನ ಸ್ಮಾರಕ. ಅಮೆರಿಕದಿಂದ ಐಸು ಬಂದಿಳಿದ ಮನೆಯಲ್ಲೇ ಅಮೆರಿಕದಿಂದ ಬಂದ ಸ್ವಾಮಿಗಳೂ ಇಳಿದದ್ದು ಕಾಕತಾಳೀಯ. ಅಷ್ಟರಲ್ಲಿ ಕೆರೆಯ ಐಸಿನ ವ್ಯಾಪಾರ ಮುಗಿದೇಹೋಗಿತ್ತು. 1870ರ ದಶಕದಿಂದ ಉಗಿಯಂತ್ರಗಳು ನಮ್ಮಲ್ಲೇ ಐಸು ತಯಾರಿಸತೊಡಗಿದ್ದವು.

ಬೊಂಬಾಯಿಯ ಒಂದು ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. 1830ರ ದಶಕದಲ್ಲಿ, ಅಮೆರಿಕದ ಐಸು ಬಂದ ಹೊಸತರಲ್ಲಿ, ಪಾರ್ಸಿ ಶ್ರೀಮಂತ ಜಮಶೇಟ್‌ಜಿ ಜೀಜೀಭಾಯ್ ತಮ್ಮ ಮನೆಯ ಔತಣದಲ್ಲಿ ಐಸ್‌ಕ್ರೀಂ ಬಡಿಸಿದರಂತೆ. ಮಾರನೆಯ ದಿನ ಆತಿಥೇಯರಿಗೂ ಅತಿಥಿಗಳಿಗೂ ನೆಗಡಿ! ಪರದೇಶದ ವಸ್ತು ತಿಂದದ್ದಕ್ಕೆ ತಕ್ಕ ಶಾಸ್ತಿ ಎಂದು ಗುಜರಾತಿ ಪತ್ರಿಕೆ ಬರೆಯಿತು ಎಂಬ ಕಥೆ ಆ ಊರಿನಲ್ಲಿ ಪ್ರಸಿದ್ಧ. ‘ಐಸ್‌ಕ್ರೀಂ ತಿಂದ್ರೆ ಶೀತ ಆಗುತ್ತೆ’ ಎಂಬ ನಮ್ಮ ತಾಯಂದಿರ ಮಾತಿಗೆ ಸುಮಾರು ಎರಡು ಶತಮಾನದ ಪರಂಪರೆ ಇದೆ ಎಂದಾಯಿತು. ನೆಗಡಿ ಬರುವುದು ವೈರಸ್‌ಗಳಿಂದ, ತಣ್ಣನೆಯ ತಿಂಡಿಯಿಂದಲ್ಲ ಎಂದು ವೈದ್ಯರು ಹೇಳುತ್ತಾರೆ. ಹೇಳಿ ಪ್ರಯೋಜನವೇನು? ಯಾವ ತಾಯಿಯೂ ಇದುವರೆಗೆ ಒಪ್ಪಿದ್ದು ಕಾಣೆ.

ಉಪ್ಪಿನ ಮಹಿಮೆ

ಬರಿಯ ಐಸು ಇದ್ದರೆ ಐಸ್‌ಕ್ರೀಂ ಆಗದು. ಸಕ್ಕರೆ ಬೆರೆತ ಹಾಲು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲ. ಅದಕ್ಕಿಂತ ಎರಡು ಮೂರು ಡಿಗ್ರಿ ಕೆಳಗಿಳಿದ ಮೇಲಷ್ಟೇ ಶುರು. ಸೊನ್ನೆಯಲ್ಲಿ ಕರಗುತ್ತಿರುವ ಐಸಿನಿಂದ ಅದಕ್ಕಿಂತ ತಣ್ಣಗಿನದನ್ನು ಪಡೆಯುವುದು ಹೇಗೆ? ಇದಕ್ಕೆ ಉತ್ತರ ಅಡುಗೆಮನೆಯ ಉಪ್ಪಿನ ಭರಣಿಯಲ್ಲಿತ್ತು. ಪುಡಿ ಮಾಡಿದ ಐಸಿಗೆ ಕಲ್ಲುಪ್ಪು ಬೆರೆಸಿದರೆ ಅದು ಕರಗಲೇಬೇಕಾಗುತ್ತದೆ. ಕರಗಲು ಶಾಖ ಬೇಕು; ಅದೂ ಅಲ್ಪಸ್ವಲ್ಪವಲ್ಲ. ಒಂದು ಕಿಲೊ ಐಸು ಕರಗಲು ಬೇಕಾದ ಶಾಖದಿಂದ ಅಷ್ಟೇ ನೀರನ್ನು ಸೊನ್ನೆಯಿಂದ 80 ಡಿಗ್ರಿಯವರೆಗೆ ಕಾಯಿಸಬಹುದು. ಈ ಶಾಖವನ್ನು ಅದು ಅಕ್ಕಪಕ್ಕದಿಂದ, ಅಂದರೆ ನಡುವೆ ಇಟ್ಟ ಹಾಲಿನ ಡಬ್ಬಿಯಿಂದ, ಕಿತ್ತುಕೊಳ್ಳುತ್ತದೆ. ಹದವಾಗಿ ಬೆರೆಸಿದರೆ ಉಪ್ಪು ಐಸುಗಳ ಮಿಶ್ರಣ ಸೊನ್ನೆಗಿಂತ 21 ಡಿಗ್ರಿ ಕೆಳಗೂ ಇಳಿಯಬಲ್ಲದು.

ಯೂರೋಪಿನವರಿಗೆ ಈ ಗುಟ್ಟು ದಕ್ಕಿದ್ದು ಹದಿನಾರನೆಯ ಶತಮಾನದ ಸುಮಾರಿಗೆ. ಹದಿನೇಳರ ಕೊನೆಗೆ ಇಟಲಿಯ ನೇಪಲ್ಸಿನಲ್ಲಿ ಅದರ ಪಾಕವಿಧಾನಗಳು ಅಚ್ಚಾಗಿದ್ದವು. ಮಾರ್ಕೊ ಪೋಲೊ ಚೀನಾದಿಂದ ಐಸ್‌ಕ್ರೀಂ ತಂದ, ಇಟಲಿಯ ರಾಜಕುಮಾರಿ ಕ್ಯಾಥರೀನ್ ಅದನ್ನು ಮದುವೆಯ ಬಳುವಳಿಯಾಗಿ ಫ್ರಾನ್ಸಿಗೆ ಒಯ್ದಳು ಎಂಬ ಕಥೆಗಳನ್ನು ಓದುಗರು ಕೇಳಿರಬಹುದು. ಎರಡಕ್ಕೂ ಆಧಾರವಿಲ್ಲ, ಬಹಳ ಕಾಲದ ನಂತರ ಹೆಣೆದ ಅಲಂಕಾರಗಳು. ದಾಖಲೆಯಿರುವ ಒಂದು ಔತಣವೆಂದರೆ 1671ರಲ್ಲಿ ಇಂಗ್ಲೆಂಡಿನ ವಿಂಡ್ಸರ್ ಅರಮನೆಯಲ್ಲಿ ನಡೆದದ್ದು. ಅಂದು ಅಷ್ಟೊಂದು ಗಣ್ಯರು ಸೇರಿದ್ದರೂ ಐಸ್‌ಕ್ರೀಂ ಇದ್ದದ್ದು ಒಂದೇ ಒಂದು ತಟ್ಟೆ. ಅದನ್ನು ಇಟ್ಟದ್ದು ಎರಡನೆಯ ಚಾರ್ಲ್ಸ್ ದೊರೆಯ ಮೇಜಿನ ಮೇಲೆ. ಉಳಿದವರು ನೋಡಿ ತೃಪ್ತಿಪಟ್ಟುಕೊಂಡಿರಬೇಕು.

ಆ ಒಂದು ತಟ್ಟೆ ಬೀದಿಗೆ ಬರಲು ಇನ್ನೂ ಇನ್ನೂರು ವರ್ಷ ಬೇಕಾಯಿತು. 1843ರಲ್ಲಿ ಅಮೆರಿಕದ ನ್ಯಾನ್ಸಿ ಜಾನ್ಸನ್ ಎಂಬ ಮಹಿಳೆ ಕೈಯಿಂದ ಹಿಡಿಕೆ ತಿರುಗಿಸುವ ಐಸ್‌ಕ್ರೀಂ ಯಂತ್ರಕ್ಕೆ ಪೇಟೆಂಟ್ ಪಡೆದಳು. ಹೊರಗೆ ಮರದ ಬಕೆಟ್ಟು, ಒಳಗೆ ಲೋಹದ ಡಬ್ಬಿ, ನಡುವೆ ಉಪ್ಪು ಐಸು. ನಮ್ಮಲ್ಲೂ ಅನುಕೂಲಸ್ಥರ ಮನೆಗಳಲ್ಲಿ ಇಂಥ ಬಕೆಟ್ಟುಗಳಿದ್ದವು. ಭಾನುವಾರ ಮಕ್ಕಳೆಲ್ಲ ಸರದಿಯ ಮೇಲೆ ಹಿಡಿಕೆ ತಿರುಗಿಸಿ, ತೋಳು ಸೋತು, ಕೊನೆಗೆ ಸಿಗುವ ಎರಡು ಚಮಚಕ್ಕೆ ಜಗಳವಾಡಿದ್ದನ್ನು ನೆನೆಯುವ ಹಿರಿಯರು ಇನ್ನೂ ಇದ್ದಾರೆ. ಕೋನ್ ಜನಪ್ರಿಯವಾದದ್ದು 1904ರಲ್ಲಿ, ಅಮೆರಿಕದ ಸೇಂಟ್ ಲೂಯಿಸ್ ನಗರದ ವಸ್ತುಪ್ರದರ್ಶನದಿಂದ. ಕಪ್ಪುಗಳು ಮುಗಿದುಹೋದ ಐಸ್‌ಕ್ರೀಂ ಮಾರಾಟಗಾರನಿಗೆ ಪಕ್ಕದ ಅಂಗಡಿಯ ಸಿರಿಯಾದವನು ತನ್ನ ತೆಳು ರೊಟ್ಟಿಯನ್ನು ಸುರುಳಿ ಸುತ್ತಿ ಕೊಟ್ಟ ಎಂಬುದು ಕಥೆ. ನಾನೇ ಮೊದಲು ಮಾಡಿದ್ದು ಎಂದವರು ಆರೇಳು ಮಂದಿಯಾದರೂ ಇದ್ದಾರೆ. ಇರಲಿ, ಆ ಸಿರಿಯಾದವನು ಮಾರುತ್ತಿದ್ದ ತಿಂಡಿಯ ಹೆಸರು ಜಲಾಬಿಯ. ನಮ್ಮ ಜಿಲೇಬಿಯ ಹೆಸರು ಬಂದದ್ದೂ ಅದೇ ಮಾತಿನಿಂದ.

ಕಪ್ಪಿನೊಳಗೆ ಏನಿದೆ?

ಐಸ್‌ಕ್ರೀಮಿನಲ್ಲಿ ಅತಿ ಹೆಚ್ಚು ಜಾಗ ಹಿಡಿಯುವ ಪದಾರ್ಥ ಯಾವುದು ಎಂದು ಕೇಳಿದರೆ ಹಾಲು ಎನ್ನುತ್ತೇವೆ. ಅನೇಕ ಕಪ್ಪುಗಳಲ್ಲಿ ಅದು ಗಾಳಿ! ಹೆಪ್ಪುಗಟ್ಟುತ್ತಿರುವಾಗ ಕಡೆಯುತ್ತಲೇ ಇರುವುದರಿಂದ ಸೂಕ್ಷ್ಮ ಗುಳ್ಳೆಗಳು ಒಳಗೆ ಸೇರಿಕೊಳ್ಳುತ್ತವೆ. ಒಂದು ಲೀಟರ್ ಮಿಶ್ರಣದಿಂದ ಎರಡು ಲೀಟರ್ ಐಸ್‌ಕ್ರೀಂ ತೆಗೆಯುವುದು ಉದ್ಯಮದಲ್ಲಿ ಅಪರೂಪವೇನಲ್ಲ. ಇದು ಪೂರ್ತಿ ಮೋಸವೆಂದು ತಿಳಿಯಬೇಕಿಲ್ಲ. ಗಾಳಿ ಇಲ್ಲದಿದ್ದರೆ ಅದು ಕಲ್ಲಿನಂತಾಗಿ ಚಮಚ ಇಳಿಯದು. ಬಾಯಿಗಿಟ್ಟರೆ ಹಲ್ಲು ಜುಮ್ಮೆನ್ನುತ್ತದೆ. ಗಾಳಿಯೂ ಕೊಬ್ಬೂ ಸೇರಿ ಚಳಿ ನಾಲಗೆಗೆ ಒಮ್ಮೆಲೇ ತಟ್ಟದಂತೆ ತಡೆಯುತ್ತವೆ. ಕುಲ್ಫಿಯನ್ನು ಕಡೆಯುವುದಿಲ್ಲ, ಹಾಲನ್ನು ಗಟ್ಟಿಯಾಗಿ ಬತ್ತಿಸಿ ನೇರವಾಗಿ ಹೆಪ್ಪುಗಟ್ಟಿಸುತ್ತಾರೆ. ಹಾಗಾಗಿಯೇ ಅದು ಅಷ್ಟು ಗಡಸು, ಕರಗುವುದೂ ನಿಧಾನ. ಆದರೆ ಎಷ್ಟು ಗಾಳಿ ಎಂಬ ಲೆಕ್ಕ ಕೊಳ್ಳುವವರಿಗೆ ಗೊತ್ತಿರಬೇಕು. ಐಸ್‌ಕ್ರೀಮನ್ನು ಲೀಟರ್ ಲೆಕ್ಕದಲ್ಲಿ ಮಾರುವುದರಿಂದ ಗಾಳಿಗೂ ನಾವು ದುಡ್ಡು ಕೊಡುತ್ತೇವೆ. ಐಸ್‌ಕ್ರೀಂ ಲೀಟರಿಗೆ ಕನಿಷ್ಠ 525 ಗ್ರಾಂ ತೂಗಬೇಕೆಂದು ನಮ್ಮ ಆಹಾರ ಸುರಕ್ಷತಾ ನಿಯಮ ಹೇಳುವುದು ಇದಕ್ಕಾಗಿಯೇ.

ಆ ನಿಯಮದಲ್ಲೇ ಇನ್ನೊಂದು ಮಾತಿದೆ. ಬರಿಯ ‘ಐಸ್‌ಕ್ರೀಂ’ ಎಂದು ಬರೆಯಬೇಕಾದರೆ ಅದರಲ್ಲಿ ಕನಿಷ್ಠ ಶೇಕಡಾ 10ರಷ್ಟು ಹಾಲಿನ ಕೊಬ್ಬಿರಬೇಕು. ಹಾಲಿನ ಕೊಬ್ಬಿನ ಬದಲು ತಾಳೆಯಂಥ ಸಸ್ಯಮೂಲದ ಎಣ್ಣೆ ಬಳಸಿದರೆ ಅದು ಐಸ್‌ಕ್ರೀಂ ಅಲ್ಲ, ‘ಫ್ರೋಜನ್ ಡೆಸರ್ಟ್’. ಎರಡೂ ಒಂದೇ ಫ್ರೀಜರಿನಲ್ಲಿ, ಒಂದೇ ಬಣ್ಣದಲ್ಲಿ, ಹತ್ತಿರ ಹತ್ತಿರದ ಬೆಲೆಯಲ್ಲಿ ಕೂತಿರುತ್ತವೆ. ತಿನ್ನಬಾರದೆಂದಲ್ಲ; ಹಾಲಿನದೆಂದು ಹಣ ಕೊಟ್ಟು ಎಣ್ಣೆಯದನ್ನು ಮನೆಗೊಯ್ಯುವುದು ಬೇಡ. ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಕನ್ನಡಕ ಹಾಕಿಕೊಂಡು ಒಮ್ಮೆ ಓದುವುದರಿಂದ ನಷ್ಟವೇನೂ ಇಲ್ಲ.

ಅದೇ ಸಣ್ಣ ಅಕ್ಷರಗಳಲ್ಲಿ ‘ಸ್ಟೆಬಿಲೈಜರ್ 412’ ಎಂದು ಇರುವುದುಂಟು. ಇದೇನೋ ರಾಸಾಯನಿಕವೆಂದು ಹೆದರಬೇಡಿ. ಅದು ನಮ್ಮ ಗೋರಿಕಾಯಿ! ಉತ್ತರ ಕರ್ನಾಟಕದವರು ಚವಳಿಕಾಯಿ ಎನ್ನುವ ಅದೇ ಗಿಡದ ಬೀಜವನ್ನು ಪುಡಿ ಮಾಡಿ ತೆಗೆದ ಅಂಟಿಗೆ ಗೌರ್ ಗಮ್ ಎಂದು ಹೆಸರು. ಜಗತ್ತಿಗೆ ಇದನ್ನು ಅತಿ ಹೆಚ್ಚು ಪೂರೈಸುವುದು ಭಾರತ. ಅದರಲ್ಲೂ ರಾಜಸ್ಥಾನದ ಮರಳುಗಾಡಿನ ರೈತರು. ಪಲ್ಯ ಮಾಡಿದರೆ ಮಕ್ಕಳು ಮೂಗು ಮುರಿಯುವ ತರಕಾರಿ ಐಸ್‌ಕ್ರೀಮಿನ ವೇಷದಲ್ಲಿ ಅವರ ಹೊಟ್ಟೆ ಸೇರುತ್ತಿದೆ. ಅದರ ಕೆಲಸ ನೀರನ್ನು ಹಿಡಿದಿಟ್ಟು ಐಸಿನ ಹರಳುಗಳು ದೊಡ್ಡವಾಗದಂತೆ ನೋಡಿಕೊಳ್ಳುವುದು. ಒಳ್ಳೆಯ ಐಸ್‌ಕ್ರೀಮಿನಲ್ಲಿ ಈ ಹರಳುಗಳು ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗಕ್ಕಿಂತ ಚಿಕ್ಕವು. ನಾಲಗೆಗೆ ಬಿಡಿಯಾಗಿ ತಿಳಿಯುವುದಿಲ್ಲ. ಸ್ವಲ್ಪ ಕರಗಿ ಮತ್ತೆ ಹೆಪ್ಪುಗಟ್ಟಿದರೆ ಚಿಕ್ಕವು ಅಳಿದು ದೊಡ್ಡವು ಬೆಳೆಯುತ್ತವೆ. ಬೇಸಿಗೆಯಲ್ಲಿ ಕರೆಂಟು ಹೋಗಿ ಬಂದು ಮಾಡುವ ಊರುಗಳ ಐಸ್‌ಕ್ರೀಂ ಮರಳು ತಿಂದಂತೆ ಕರಕರ ಎನ್ನುವುದಕ್ಕೆ ಇದೇ ಕಾರಣ. ಅಂಗಡಿಯವನು ಎಷ್ಟೇ ಆಣೆ ಇಟ್ಟು ‘ಫ್ರೆಶ್ ಸಾರ್’ ಎಂದರೂ ನಾಲಗೆ ಕರೆಂಟಿನ ಲೆಕ್ಕ ಹೇಳಿಬಿಡುತ್ತದೆ.

ಕರಗಿಹೋದ ಐಸ್‌ಕ್ರೀಮನ್ನು ಕುಡಿದು ನೋಡಿದ್ದೀರಾ? ಬಾಯಿ ಕಟ್ಟುವಷ್ಟು ಸಿಹಿ. ತಣ್ಣಗಿರುವಾಗ ನಾಲಗೆಯ ಸಿಹಿ ಗುರುತಿಸುವ ಶಕ್ತಿ ಕುಗ್ಗುತ್ತದೆ. ಅದನ್ನು ತುಂಬಲು ಸಕ್ಕರೆ ಜಾಸ್ತಿ ಸುರಿಯಬೇಕಾಗುತ್ತದೆ. ಮೊದಲು ಹೇಳಿದ ಮದುವೆ ಮನೆಯ ಹಿರಿಯರಿಗೆ ಇದನ್ನು ಯಾರಾದರೂ ತಿಳಿಸುವುದು ಒಳ್ಳೆಯದು.

ಒಬ್ಬ ವಿದ್ಯಾರ್ಥಿಯ ಪ್ರಶ್ನೆ

1963ರಲ್ಲಿ ಆಫ್ರಿಕದ ಟಾಂಜಾನಿಯಾದಲ್ಲಿ (ಆಗ ಅದರ ಹೆಸರು ಟಾಂಗನಿಕ) ಎರಾಸ್ಟೊ ಎಂಪೆಂಬಾ ಎಂಬ ಶಾಲಾಬಾಲಕ ಐಸ್‌ಕ್ರೀಂ ಮಾಡುತ್ತಿದ್ದ. ಹುಡುಗರೆಲ್ಲ ಹಾಲು ಕುದಿಸಿ, ಸಕ್ಕರೆ ಬೆರೆಸಿ, ಆರಿಸಿ ಫ್ರೀಜರಿನಲ್ಲಿ ಇಡುವುದು ವಾಡಿಕೆ. ಫ್ರೀಜರಿನಲ್ಲಿ ಜಾಗ ಕಡಿಮೆ, ಪೈಪೋಟಿ ಹೆಚ್ಚು. ಇನ್ನೊಬ್ಬ ಹುಡುಗ ಹಾಲು ಕುದಿಸದೆ ಹಾಗೇ ಇಟ್ಟುಬಿಟ್ಟ. ಜಾಗ ಹೋಗಿಬಿಡುತ್ತದೆಂದು ಎಂಪೆಂಬಾ ತನ್ನ ಬಿಸಿಬಿಸಿ ಹಾಲನ್ನೇ ಒಳಗೆ ತಳ್ಳಿದ. ಒಂದೂವರೆ ಗಂಟೆಯ ಮೇಲೆ ತೆಗೆದು ನೋಡಿದರೆ ಅವನದು ಹೆಪ್ಪುಗಟ್ಟಿತ್ತು, ಗೆಳೆಯನದು ಇನ್ನೂ ದ್ರವವಾಗಿಯೇ ಇತ್ತು.

ಬಿಸಿಯಾದದ್ದು ಬೇಗ ಹೆಪ್ಪುಗಟ್ಟಿತೇಕೆ ಎಂದು ಮೇಷ್ಟರನ್ನು ಕೇಳಿದ. ನಿನಗೆ ಗೊಂದಲವಾಗಿದೆ, ಹಾಗಾಗುವುದು ಸಾಧ್ಯವೇ ಇಲ್ಲ ಎಂದರು. ಮುಂದಿನ ಶಾಲೆಯಲ್ಲೂ ಕೇಳಿದ. ಇದು ಲೋಕದ ಭೌತಶಾಸ್ತ್ರವಲ್ಲ, ಎಂಪೆಂಬಾನ ಭೌತಶಾಸ್ತ್ರ ಎಂದು ಅಲ್ಲಿನವರು ನಗೆಯಾಡಿದರು. ಅಂದಿನಿಂದ ಹುಡುಗ ಲೆಕ್ಕದಲ್ಲಿ ತಪ್ಪಿದರೂ ‘ಇದು ಎಂಪೆಂಬಾನ ಗಣಿತ’ ಎಂಬ ಗೇಲಿ. ಇಂಥ ಮೇಷ್ಟರು ಟಾಂಜಾನಿಯಾದಲ್ಲಿ ಮಾತ್ರ ಇದ್ದಾರೆಂದು ನಾವು ಸಮಾಧಾನ ಪಟ್ಟುಕೊಳ್ಳುವಂತಿಲ್ಲ. ಒಮ್ಮೆ ದಾರ್ ಎಸ್ ಸಲಾಮ್‌ನ ವಿಶ್ವವಿದ್ಯಾಲಯ ಕಾಲೇಜಿನಿಂದ ಡೆನಿಸ್ ಆಸ್ಬೋರ್ನ್ ಎಂಬ ಪ್ರಾಧ್ಯಾಪಕರು ಶಾಲೆಗೆ ಭಾಷಣಕ್ಕೆ ಬಂದರು. ಹುಡುಗ ಎದ್ದು ನಿಂತು ಅದೇ ಪ್ರಶ್ನೆ ಕೇಳಿದ. ಸಹಪಾಠಿಗಳು ನಕ್ಕರು. ಆಸ್ಬೋರ್ನರಿಗೂ ನಂಬಿಕೆ ಬರಲಿಲ್ಲ. ಆದರೆ ಹಿಂದಿರುಗಿದ ಮೇಲೆ ಪ್ರಯೋಗ ಮಾಡಿಸಿದರು. 1969ರಲ್ಲಿ ಇಬ್ಬರ ಹೆಸರಿನಲ್ಲೂ ಲೇಖನ ಒಂದು ಭೌತವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು. ಹಾಗೆ ಹಿಡಿದ ಹೆಸರು ‘ಎಂಪೆಂಬಾ ಪರಿಣಾಮ’. ಅರಿಸ್ಟಾಟಲನೂ ಇಂಥದೇ ಮಾತು ಹೇಳಿದ್ದನೆಂದು ಆಮೇಲೆ ಜನ ಹುಡುಕಿ ತೆಗೆದರು. ಅದು ಯಾವಾಗಲೂ ಆಗುತ್ತದೆಯೆ, ಆಗುವುದಾದರೆ ಏಕೆ ಎಂಬ ಬಗ್ಗೆ ವಿಜ್ಞಾನಿಗಳ ವಾದ ಇನ್ನೂ ತಣ್ಣಗಾಗಿಲ್ಲ. 2016ರಲ್ಲಿ ಜಾಗರೂಕತೆಯಿಂದ ಅಳೆದ ಇಬ್ಬರು ಬ್ರಿಟಿಷ್ ವಿಜ್ಞಾನಿಗಳು ಇದಕ್ಕೆ ಗಟ್ಟಿ ಆಧಾರ ಕಾಣಲಿಲ್ಲ ಎಂದರು, ಬೇರೆಯವರು ಒಪ್ಪಲಿಲ್ಲ.

ವೆನಿಲ್ಲಾ, ಮಲೆನಾಡಿನ ದಾರಿಯಲ್ಲಿ

ಏನೂ ವಿಶೇಷವಿಲ್ಲದ ಐಸ್‌ಕ್ರೀಮಿಗೆ ‘ಬರೀ ವೆನಿಲ್ಲಾ’ ಎನ್ನುತ್ತೇವೆ. ಪಾಪ, ಅಷ್ಟು ಕಷ್ಟಪಟ್ಟು ಬರುವ ಪರಿಮಳ ಇನ್ನೊಂದಿಲ್ಲ. ವೆನಿಲ್ಲಾ ಒಂದು ಸೀತಾಳೆ ಜಾತಿಯ ಬಳ್ಳಿ. ಮೂಲ ಮೆಕ್ಸಿಕೋ ಕಡೆಯದು. ಹೂ ಅರಳಿ ನಿಲ್ಲುವುದು ಒಂದೇ ದಿನ. ಅಷ್ಟರೊಳಗೆ ಪರಾಗಸ್ಪರ್ಶ ಆಗದಿದ್ದರೆ ಉದುರಿಹೋಗುತ್ತದೆ. ತವರಿನ ಹೊರಗೆ ಒಯ್ದು ನೆಟ್ಟ ಬಳ್ಳಿಗಳು ಹೂ ಬಿಟ್ಟವೇ ಹೊರತು ಕಾಯಿ ಕಟ್ಟಲಿಲ್ಲ. ಯೂರೋಪಿನ ಸಸ್ಯಶಾಸ್ತ್ರಜ್ಞರು ತಲೆ ಕೆಡಿಸಿಕೊಂಡಿದ್ದಾಗ, 1841ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ 12 ವರ್ಷದ ಗುಲಾಮ ಬಾಲಕ ಎಡ್ಮಂಡ್ ಒಂದು ಕಡ್ಡಿಯಿಂದ ಹೂವಿನೊಳಗಿನ ಪೊರೆಯನ್ನು ಎತ್ತಿ ಹೆಬ್ಬೆರಳಿನಿಂದ ಒತ್ತಿ ಪರಾಗಸ್ಪರ್ಶ ಮಾಡುವ ಸುಲಭ ಉಪಾಯ ತೋರಿಸಿದ. ಇಂದಿಗೂ ಜಗತ್ತಿನ ವೆನಿಲ್ಲಾ ತೋಟಗಳು ನಡೆಯುವುದು ಆ ಹುಡುಗನ ಬೆರಳಿನ ಚಳಕದ ಮೇಲೆ. 1848ರಲ್ಲಿ ಗುಲಾಮಗಿರಿ ರದ್ದಾಗಿ ಬಿಡುಗಡೆಯಾದಾಗ ಎಡ್ಮಂಡ್ ಅಲ್ಬಿಯಸ್ ಎಂಬ ಪೂರ್ತಿ ಹೆಸರು ಸಿಕ್ಕಿತು, ಹಣ ಸಿಗಲಿಲ್ಲ. 1880ರಲ್ಲಿ ಬಡತನದಲ್ಲೇ ತೀರಿಕೊಂಡ.

ಆ ಕಡ್ಡಿ ನಮ್ಮ ಮಲೆನಾಡಿಗೂ ಬಂತು. 2000ದಲ್ಲಿ ಮಡಗಾಸ್ಕರ್‌ಗೆ ಚಂಡಮಾರುತ ಬಡಿದು ಅಲ್ಲಿನ ಬಳ್ಳಿಗಳು ನೆಲಕಚ್ಚಿದ ಮೇಲೆ ಬೆಲೆ ಏರುತ್ತಾ ಹೋಯಿತು. ಶಿರಸಿ, ಸಾಗರ, ಪುತ್ತೂರು, ಕೊಡಗುಗಳ ಕಡೆಯ ಅಡಿಕೆ, ಕಾಫಿ ತೋಟಗಳಲ್ಲಿ ವೆನಿಲ್ಲಾ ಬಳ್ಳಿ ಹಬ್ಬಿತು. ಬೆಳಗಾದರೆ ಮನೆಮಂದಿಯೆಲ್ಲ, ಹೆಚ್ಚಾಗಿ ಹೆಂಗಸರು, ಕಡ್ಡಿ ಹಿಡಿದು ಹೂ ಹೂವಿಗೂ ‘ಮದುವೆ’ ಮಾಡಿಸುವ ಕೆಲಸ. ಹಸಿ ಕೋಡಿಗೇ ಕಿಲೊಗೆ ಸಾವಿರಗಟ್ಟಲೆ ರೂಪಾಯಿ. ಬಳ್ಳಿಯ ತುಂಡುಗಳೂ ಚಿನ್ನದಂತೆ ಮಾರಾಟವಾದವು. ಕಳ್ಳರ ಕಾಟಕ್ಕೆ ರೈತರು ರಾತ್ರಿಯೆಲ್ಲ ತೋಟದಲ್ಲಿ ಟಾರ್ಚು, ನಾಯಿ ಇಟ್ಟುಕೊಂಡು ಕಾವಲು ಕೂತರು. 2003ರಲ್ಲಿ ಬೆಲೆ ತುತ್ತತುದಿ ಮುಟ್ಟಿತು. ಮರುವರ್ಷದಿಂದ ಕುಸಿತ. ಮಡಗಾಸ್ಕರ್ ಚೇತರಿಸಿಕೊಂಡಿತ್ತು, ವಿಪರೀತ ಬೆಲೆಗೆ ಬೆದರಿದ ವಿದೇಶಿ ಕಂಪನಿಗಳು ಕೃತಕ ಸುವಾಸನೆಗೆ ಹೊರಳಿದ್ದವು. ಈ ಕೃತಕ ವೆನಿಲಿನ್ ಹೊಸದೇನಲ್ಲ, 1874ರಲ್ಲೇ ಜರ್ಮನಿಯ ರಸಾಯನಶಾಸ್ತ್ರಜ್ಞರು ಪೈನ್ ಮರದ ರಸದಿಂದ ಅದನ್ನು ಮಾಡಿ ತೋರಿಸಿದ್ದರು. ಇಂದು ಜಗತ್ತಿನ ವೆನಿಲ್ಲಾ ಪರಿಮಳದಲ್ಲಿ ನೂರಕ್ಕೆ ಒಂದು ಪಾಲೂ ಬಳ್ಳಿಯಿಂದ ಬರುವುದಿಲ್ಲ. ಸಾಲ ಮಾಡಿ ಬಳ್ಳಿ ಕೊಂಡ ಅನೇಕರು ಅದನ್ನು ಕಿತ್ತು ಗೊಬ್ಬರದ ಗುಂಡಿಗೆ ಹಾಕಿದರು. ಆ ನಾಲ್ಕು ವರ್ಷಗಳಲ್ಲಿ ಕಟ್ಟಿದ ತಾರಸಿ ಮನೆಗಳನ್ನೂ, ಅದೇ ನಾಲ್ಕು ವರ್ಷಗಳಲ್ಲಿ ಹುಟ್ಟಿದ ಬ್ಯಾಂಕ್ ಸಾಲಗಳನ್ನೂ ಮಲೆನಾಡಿನವರು ಇನ್ನೂ ‘ವೆನಿಲ್ಲಾ ಕಾಲದ್ದು’ ಎಂದು ಗುರುತಿಸುವುದುಂಟು.

ಘಟ್ಟ ಇಳಿದರೆ ಬೇರೆಯೇ ಕಥೆ. ಕರಾವಳಿಯವರಷ್ಟು ಐಸ್‌ಕ್ರೀಂ ಮೋಹ ಕರ್ನಾಟಕದ ಬೇರೆ ಭಾಗದವರಿಗಿಲ್ಲ ಎಂದರೆ ಬೆಂಗಳೂರಿನವರು ಸಿಟ್ಟಾಗಬಾರದು. ಮಂಗಳೂರಿಗೆ ಹೋಗಿ ಬಂದವರನ್ನು ‘ಐಸ್‌ಕ್ರೀಂ ತಿಂದ್ರಾ?’ ಎಂದು ಕೇಳುವುದು ವಾಡಿಕೆಯಾಗಿದೆ. 1984ರಲ್ಲಿ ಮುಂಬಯಿಯ ಜುಹುವಿನಲ್ಲಿ ‘ನ್ಯಾಚುರಲ್ಸ್’ ಅಂಗಡಿ ತೆರೆದು, ಸೀತಾಫಲ, ಎಳನೀರುಗಳಂಥ ಹಣ್ಣು ಕಾಯಿಗಳನ್ನೇ ಐಸ್‌ಕ್ರೀಂ ಮಾಡಿ ಹೆಸರಾದ ರಘುನಂದನ ಕಾಮತರು ದಕ್ಷಿಣ ಕನ್ನಡದವರು, ಹಣ್ಣು ಮಾರುವವರ ಮಗ. ಮೊದಮೊದಲು ಬರಿಯ ಐಸ್‌ಕ್ರೀಮಿಗೆ ಜನ ಬರುವರೋ ಇಲ್ಲವೋ ಎಂದು ಪಾವ್‌ಭಾಜಿಯನ್ನೂ ಇಟ್ಟಿದ್ದರು. ಖಾರ ನೆತ್ತಿಗೇರಿದವರು ತಂಪು ಕೇಳಲೇಬೇಕಲ್ಲ! ಯಾವ ಹಣ್ಣು ಎಂದು ಕಳಿಯುತ್ತದೆ ಎಂಬ, ತಂದೆಯಿಂದ ಬಂದ ಜ್ಞಾನವೇ ಅವರ ಬಂಡವಾಳ. 2024ರ ಮೇ ತಿಂಗಳಲ್ಲಿ ಅವರು ತೀರಿಕೊಂಡರು.

ಇನ್ನು ಗಡ್‌ಬಡ್. ಉಡುಪಿಯ ಡಯಾನಾ ಹೋಟೆಲಿನಲ್ಲಿ ಇದು ಹುಟ್ಟಿತು ಎಂದು ಉಡುಪಿಯವರು ಹೇಳುತ್ತಾರೆ. ಗಡಿಬಿಡಿಯಲ್ಲಿ ಬಂದ ಗಿರಾಕಿಗಳಿಗೆ ಕೊಡಲು ಯಾವುದೂ ಒಂದೇ ಬಗೆಯದು ಸಾಲದೆ, ಇದ್ದಬದ್ದ ಎರಡು ಮೂರು ಬಗೆಯ ಐಸ್‌ಕ್ರೀಂ, ಹಣ್ಣಿನ ಹೋಳು, ಜೆಲ್ಲಿ, ಗೋಡಂಬಿ, ದ್ರಾಕ್ಷಿ ಎಲ್ಲವನ್ನೂ ಒಂದೇ ಉದ್ದನೆ ಲೋಟಕ್ಕೆ ತುಂಬಿ ಕೊಟ್ಟರಂತೆ. ಮಂಗಳೂರಿನವರು ಇದನ್ನು ಪೂರ್ತಿ ಒಪ್ಪುವುದಿಲ್ಲ. ಆ ವ್ಯಾಜ್ಯದಲ್ಲಿ ನಾವು ತಲೆ ಹಾಕುವುದು ಬೇಡ. ತಿನ್ನುವವರಿಗೆ ಒಂದೇ ಎಚ್ಚರಿಕೆ: ಹೆಸರು ಗಡ್‌ಬಡ್ ಎಂದು ಗಡಿಬಿಡಿಯಲ್ಲಿ ನುಂಗಿದರೆ ಅಂಗುಳಕ್ಕೆ ಚಳಿ ತಟ್ಟಿ, ಅಲ್ಲಿನ ರಕ್ತನಾಳಗಳು ಒಮ್ಮೆಲೇ ಕುಗ್ಗಿ ಹಿಗ್ಗಿ, ಹಣೆಯಲ್ಲಿ ಸೂಜಿ ಚುಚ್ಚಿದಂತಾಗುತ್ತದೆ. ಆಗ ನಾಲಗೆಯನ್ನು ಅಂಗುಳಕ್ಕೆ ಒತ್ತಿ ಹಿಡಿದು ಅರ್ಧ ನಿಮಿಷ ಸುಮ್ಮನಿದ್ದರೆ ನೋವು ಇಳಿಯುತ್ತದೆ. ಉದ್ದನೆಯ ಚಮಚ ಲೋಟದ ತಳದ ಜೆಲ್ಲಿಯವರೆಗೂ ಮುಟ್ಟುತ್ತದೆ, ಅವಸರವೇನಿಲ್ಲ.